ಬಿಲ್ಲಿನಲ್ಲಿ ಜಿಎಸ್‌ಟಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸೂಪರ್ ಮಾರ್ಕೆಟ್ ಬಿಲ್ಲಿನ ಕೊನೆಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡು ಮೊತ್ತ ಬರೆದಿರುತ್ತಾರೆ. ಎಂಆರ್‌ಪಿ ಮೇಲೆ ಇದನ್ನೂ ಕೊಡಬೇಕೆ? (ಓದುಗರು, ಹಾಸನ)

ಬೇಡ. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಆ ಎರಡು ಸಾಲು ಒಳಗಿರುವ ತೆರಿಗೆಯನ್ನು ಬಿಡಿಸಿ ತೋರಿಸುತ್ತವೆ, ಅಷ್ಟೆ. ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಬಹಳ ಜನ ತಪ್ಪುವುದು ಲೆಕ್ಕದಲ್ಲಿ. 5,900 ರೂ. ಎಂಆರ್‌ಪಿಯ ಮಿಕ್ಸಿಗೆ ಶೇ 18ರ ತೆರಿಗೆ ಎಂದೊಡನೆ 5,900ಕ್ಕೇ ಶೇ 18 ಹಾಕಿ 1,062 ಎನ್ನುತ್ತಾರೆ. ಸರಿಯಾದ ದಾರಿ: 5,900ನ್ನು 118ರಿಂದ ಭಾಗಿಸಿ 18ರಿಂದ ಗುಣಿಸಿ. ಬರುವುದು 900. ಸಾಬೂನು, ಪೇಸ್ಟ್, ಶಾಂಪೂ 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿವೆ. ಅವಕ್ಕೆ 105ರಿಂದ ಭಾಗಿಸಿ 5ರಿಂದ ಗುಣಿಸಿ. 42 ರೂ.ಗಳ ಸಾಬೂನಿನಲ್ಲಿ ತೆರಿಗೆ 2 ರೂ.

ಅನುಮಾನವಿದ್ದರೆ ವಸ್ತುಗಳ ಬೆಲೆ ಕೂಡಿ ನೋಡಿ. ಎಂಆರ್‌ಪಿಗಳ ಮೊತ್ತಕ್ಕಿಂತ ಒಂದು ರೂಪಾಯಿ ಹೆಚ್ಚು ತೆಗೆದುಕೊಂಡಿದ್ದರೂ ತಪ್ಪು. ಕಾನೂನು ಮಾಪನಶಾಸ್ತ್ರ ಇಲಾಖೆಗೆ ಅಥವಾ 1915 ಸಹಾಯವಾಣಿಗೆ ದೂರು ಕೊಡಬಹುದು.

ಪ್ರಶ್ನೆ: ಚಪ್ಪಲಿ ಅಂಗಡಿಯಲ್ಲಿ 2,600 ರೂ. ಹೇಳಿ, ‘ಜಿಎಸ್‌ಟಿ ಬೇರೆ’ ಅಂದರು. ಎಷ್ಟಾಗುತ್ತದೆ? (ಓದುಗರು, ದಾವಣಗೆರೆ)

ಜೋಡಿಯ ಮೇಲೆ ಎಂಆರ್‌ಪಿ ಚೀಟಿ ಇದ್ದರೆ ಅದನ್ನು ಮೀರುವಂತಿಲ್ಲ. ಅದನ್ನು ಮೊದಲು ನೋಡಿ. ಇನ್ನು ತೆರಿಗೆ: ಪಾದರಕ್ಷೆಗೆ ಜೋಡಿಯೊಂದಕ್ಕೆ 2,500 ರೂ.ವರೆಗೆ ಶೇ 5, ದಾಟಿದರೆ ಪೂರ್ತಿ ಬೆಲೆಗೆ ಶೇ 18. ಹೆಚ್ಚಿನ ನೂರಕ್ಕೆ ಮಾತ್ರ ಶೇ 18 ಅಲ್ಲ. ಹಾಗಾಗಿ 2,600ಕ್ಕೆ 468 ತೆರಿಗೆ ಸೇರಿ 3,068. ಅಂಗಡಿಯವರು ನೂರು ರೂಪಾಯಿ ಬಿಟ್ಟು, ಅದನ್ನು ಬಿಲ್ಲಿನಲ್ಲೇ ರಿಯಾಯಿತಿ ಎಂದು ಕಾಣಿಸಿದರೆ 2,500ಕ್ಕೆ 125 ತೆರಿಗೆ, ಒಟ್ಟು 2,625. ನೂರರ ಚೌಕಾಸಿಗೆ 443 ರೂ. ಉಳಿತಾಯ! ಆಮೇಲೆ ಬರುವ ಕ್ಯಾಶ್‌ಬ್ಯಾಕ್ ಈ ಲೆಕ್ಕಕ್ಕೆ ಬರುವುದಿಲ್ಲ. ಸಿದ್ಧ ಉಡುಪಿಗೂ ಇದೇ ಮಿತಿ, ಒಂದೊಂದು ಉಡುಪಿಗೆ ಪ್ರತ್ಯೇಕವಾಗಿ. 2,000 ರೂ.ಗಳ ಎರಡು ಅಂಗಿ ಕೊಂಡರೆ ಶೇ 5 ಮಾತ್ರ.

ಪ್ರಶ್ನೆ: ಅಕ್ಕಿ ಮೂಟೆ 26 ಕಿಲೋ ಏಕೆ? (ಓದುಗರು, ಸಿಂಧನೂರು)

ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ 25 ಕಿಲೋವರೆಗೆ ಶೇ 5 ತೆರಿಗೆ, 2022ರ ಜುಲೈ 18ರಿಂದ. ಅದಕ್ಕಿಂತ ದೊಡ್ಡ ಚೀಲಕ್ಕೂ ಬಿಡಿ ಅಕ್ಕಿಗೂ ಇಲ್ಲ.

ಪ್ರಶ್ನೆ: ಹೋಟೆಲಿನವರು 640 ರೂ. ಊಟಕ್ಕೆ 739.20 ತೆಗೆದುಕೊಂಡರು. (ಓದುಗರು, ಮೈಸೂರು)

ಶೇ 10 ಸೇವಾ ಶುಲ್ಕ 64 ಸೇರಿಸಿ, 704ರ ಮೇಲೆ ಶೇ 5 ಹಾಕಿದ್ದಾರೆ. ಸೇವಾ ಶುಲ್ಕ ಸರ್ಕಾರದ ತೆರಿಗೆಯಲ್ಲ, ಕಡ್ಡಾಯವೂ ಅಲ್ಲ; ತೆಗೆಸಿದರೆ 672. ಬಿಲ್ಲಿನಲ್ಲಿ 29ರಿಂದ ಶುರುವಾಗುವ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಇದೆಯೇ ನೋಡಿ. ಸಂಖ್ಯೆ ಇದ್ದರೂ ‘ಕಾಂಪೊಸಿಷನ್’ ಅಂದರೆ ರಾಜಿ ತೆರಿಗೆಯಲ್ಲಿರುವ ಹೋಟೆಲು ಗ್ರಾಹಕರಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಜಿಎಸ್‌ಟಿ ಪೋರ್ಟಲಿನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಬಗೆಯ ನೋಂದಣಿ ಎಂಬುದು ತಿಳಿಯುತ್ತದೆ.