ಪಂಪ್‌ನ ಶಾಫ್ಟ್ ಪ್ಯಾಕಿಂಗ್ ಇರುವಲ್ಲೇ ಏಕೆ ಸವೆಯುತ್ತದೆ?

ನಮಸ್ಕಾರ. ಸಮುದ್ರದ ನೀರೆತ್ತುವ ಪಂಪ್‌ನ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಶಾಫ್ಟ್ ಉಳಿದೆಡೆ ಹೊಳೆಯುತ್ತಿದ್ದರೂ ಪ್ಯಾಕಿಂಗ್ (ನೀರು ಸೋರದಂತೆ ಶಾಫ್ಟಿನ ಸುತ್ತ ತುರುಕುವ ಹಗ್ಗದಂಥ ವಸ್ತು) ಉಜ್ಜುವ ಜಾಗದಲ್ಲಿ ಮಾತ್ರ ತೋಡು ಬಿದ್ದಿದೆ, ಇದಕ್ಕಿಂತ ಗಟ್ಟಿಯಾದ 420 ದರ್ಜೆಯದನ್ನು ಹಾಕಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಿಸಬೇಡಿ.

ಈ ಉಕ್ಕನ್ನು ಕಾಯುವುದು ಅದರ ಗಡಸುತನವಲ್ಲ, ಮೇಲ್ಮೈಯಲ್ಲಿ ತಾನಾಗಿಯೇ ಕಟ್ಟಿಕೊಳ್ಳುವ, ಕೆಲವೇ ನ್ಯಾನೋಮೀಟರ್ ದಪ್ಪದ ಕ್ರೋಮಿಯಂ ಆಕ್ಸೈಡ್ ಪದರ. ಗೀರು ಬಿದ್ದರೆ ನೀರಿನಲ್ಲಿರುವ ಆಮ್ಲಜನಕದ ನೆರವಿನಿಂದ ಅದು ಬಹುಬೇಗ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ಶಾಫ್ಟನ್ನು ಸುತ್ತಲೂ ಅಪ್ಪಿ ಹಿಡಿದ ಪ್ಯಾಕಿಂಗ್, ಶಾಫ್ಟ್ ತಿರುಗುತ್ತಿರುವಷ್ಟು ಹೊತ್ತೂ ಆ ಪದರವನ್ನು ಕೆರೆಯುತ್ತಲೇ ಇರುತ್ತದೆ. ಹಾಗೆ ಬೆತ್ತಲಾದ ಕಿರಿದಾದ ಪಟ್ಟಿಯಲ್ಲಿ ಲೋಹ ಕರಗುತ್ತದೆ. ಪದರ ಉಳಿದಿರುವ ಅಗಲವಾದ ಭಾಗ ಕ್ಯಾಥೋಡ್ ಆಗಿ (ಅಂದರೆ ತಾನು ಕರಗದೆ, ಕರಗುವ ಲೋಹದಿಂದ ಎಲೆಕ್ಟ್ರಾನ್‌ಗಳನ್ನು ಎಳೆದುಕೊಳ್ಳುವ ಭಾಗವಾಗಿ) ನಿಂತು ಆ ಕರಗುವಿಕೆಗೆ ಇನ್ನಷ್ಟು ವೇಗ ಕೊಡುತ್ತದೆ. ಕರಗಿ ಒರಟಾದ ಮೇಲ್ಮೈ ಸುಲಭವಾಗಿ ಸವೆಯುತ್ತದೆ, ಸವೆದಲ್ಲಿ ಮತ್ತೆ ತುಕ್ಕು ಹತ್ತುತ್ತದೆ. ಹೀಗಾಗಿ ಒಟ್ಟು ನಷ್ಟವು ಬರೀ ಉಜ್ಜಾಟದ ನಷ್ಟ ಮತ್ತು ಬರೀ ತುಕ್ಕಿನ ನಷ್ಟ ಇವೆರಡನ್ನು ಕೂಡಿಸಿದ್ದಕ್ಕಿಂತ ಹೆಚ್ಚಾಗುವುದುಂಟು. 316ರಲ್ಲಿ ಶೇ. 16ರಿಂದ 18ರಷ್ಟು ಕ್ರೋಮಿಯಂ ಜೊತೆಗೆ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಇದೆ. 420ರಲ್ಲಿ ಕ್ರೋಮಿಯಂ ಶೇ. 12ರಿಂದ 14 ಮಾತ್ರ, ಮಾಲಿಬ್ಡಿನಂ ಇಲ್ಲವೇ ಇಲ್ಲ. ಉಪ್ಪುನೀರಿನ ಕ್ಲೋರೈಡ್‌ಗೆ ಅದು ಬೇಗ ಸೋಲುತ್ತದೆ.

ಇನ್ನೊಂದು ವಿಷಯವನ್ನು ಬಹಳ ಮಂದಿ ಗಮನಿಸುವುದಿಲ್ಲ. ಪಂಪ್ ನಿಂತಿರುವಾಗಲೂ ಹಾನಿ ನಡೆಯುತ್ತದೆ. ಪ್ಯಾಕಿಂಗ್‌ನ ಅಡಿಯಲ್ಲಿ ಸಿಕ್ಕಿಕೊಂಡ ನೀರಿನಲ್ಲಿ ಆಮ್ಲಜನಕ ಮುಗಿದು, ಕ್ಲೋರೈಡ್ ಶೇಖರವಾಗಿ, ಆಮ್ಲತೆ ಏರಿ ಲೋಹದಲ್ಲಿ ಗುಳಿಗಳು ಬೀಳುತ್ತವೆ. ಗ್ರಾಫೈಟ್ ಸೇರಿದ ಪ್ಯಾಕಿಂಗ್ ಆಗಿದ್ದರೆ ಪರಿಸ್ಥಿತಿ ಮತ್ತಷ್ಟು ಕೆಡುತ್ತದೆ, ಏಕೆಂದರೆ ಸಮುದ್ರದ ನೀರಿನಲ್ಲಿ ಗ್ರಾಫೈಟ್ ಸ್ಟೇನ್‌ಲೆಸ್ ಸ್ಟೀಲಿಗಿಂತಲೂ ಹೆಚ್ಚು ಕ್ಯಾಥೋಡ್ ಸ್ವಭಾವದ್ದು. ಆದ್ದರಿಂದ ಮೊದಲು ಬದಲಿಸಬೇಕಾದದ್ದು ಶಾಫ್ಟನ್ನಲ್ಲ, ಪ್ಯಾಕಿಂಗನ್ನು: ಗ್ರಾಫೈಟ್ ಇಲ್ಲದ ಟೆಫ್ಲಾನ್ ಪ್ಯಾಕಿಂಗ್ ಹಾಕಿ, ಗ್ಲ್ಯಾಂಡನ್ನು (ಪ್ಯಾಕಿಂಗನ್ನು ಒತ್ತಿ ಹಿಡಿಯುವ ಭಾಗವನ್ನು) ಅತಿಯಾಗಿ ಬಿಗಿಯದೆ ಹನಿಹನಿಯಾಗಿ ನೀರು ಸೋರುವಂತೆ ಬಿಡಿ. ಆ ಸೋರಿಕೆಯೇ ಅಲ್ಲಿಗೆ ತಂಪು ಮತ್ತು ಜಾರುವಿಕೆಯನ್ನು ಒದಗಿಸುತ್ತದೆ. ಬಹುದಿನ ನಿಲ್ಲಿಸುವುದಾದರೆ ಸಿಹಿನೀರು ಹಾಯಿಸಿ ತೊಳೆದು ನಿಲ್ಲಿಸಿ.

ಶಾಫ್ಟನ್ನೇ ಬದಲಿಸುವ ಹಂತ ಬಂದಿದ್ದರೆ, ಶೇ. 25ರಷ್ಟು ಕ್ರೋಮಿಯಂ ಇರುವ ಸೂಪರ್ ಡುಪ್ಲೆಕ್ಸ್ 2507 ಎಂಬ ಸ್ಟೇನ್‌ಲೆಸ್ ಸ್ಟೀಲ್ ನನ್ನ ಮೊದಲ ಆಯ್ಕೆ. ಖರ್ಚು ಹೆಚ್ಚೆನಿಸಿದರೆ ಉಜ್ಜುವ ಭಾಗಕ್ಕೆ ಮಾತ್ರ ಬಿಚ್ಚಿ ಬದಲಿಸಬಹುದಾದ ಸ್ಲೀವ್ (ಶಾಫ್ಟಿನ ಮೇಲೆ ತೊಡಿಸುವ ಲೋಹದ ಕೊಳವೆ) ಹಾಕಿಸುವುದು ಜಾಣತನ. ಗಟ್ಟಿ ಕ್ರೋಮ್ ಲೇಪನವನ್ನು ನಂಬಬೇಡಿ. ಅದರ ಸೂಕ್ಷ್ಮ ಬಿರುಕುಗಳ ಮೂಲಕ ನೀರು ಒಳಗಿಳಿದು ಲೇಪನವನ್ನೇ ಎಬ್ಬಿಸಬಲ್ಲದು. ಸತುವಿನ ಆನೋಡ್ (ಶಾಫ್ಟಿನ ಬದಲು ತಾನು ಕರಗಿ ಅದನ್ನು ಕಾಯುವ ಸತುವಿನ ತುಂಡು) ನೆರವಾಗುತ್ತದೆ, ಆದರೆ ಶಾಫ್ಟಿಗೆ ಅದರ ವಿದ್ಯುತ್ ಸಂಪರ್ಕ ಸರಿಯಾಗಿದ್ದರೆ ಮಾತ್ರ, ಅದೂ ಪ್ಯಾಕಿಂಗ್‌ನ ಸಂದಿಯೊಳಕ್ಕೆ ಅದರ ಪ್ರಭಾವ ಅಷ್ಟಾಗಿ ತಲುಪುವುದಿಲ್ಲ.

ಶಾಫ್ಟ್ ಬಿಚ್ಚಿದಾಗ ತೋಡಿನ ತಳವನ್ನು ಭೂತಗನ್ನಡಿಯಲ್ಲಿ ನೋಡಿ. ನುಣುಪಾಗಿ ಸುತ್ತಲೂ ಒಂದೇ ಸಮ ಸವೆದಿದ್ದರೆ ಓಡುವಾಗಿನ ಉಜ್ಜಾಟ ಮುಖ್ಯ ಕಾರಣ. ಅಲ್ಲಲ್ಲಿ ಆಳವಾದ ಗುಳಿಗಳಿದ್ದರೆ ನಿಂತಾಗಿನ ತುಕ್ಕು. ಹತ್ತಿರದಿಂದ ತೆಗೆದ ಚಿತ್ರವನ್ನೂ, ಪಂಪ್ ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ ಎಂಬುದನ್ನೂ ಇಲ್ಲಿ ಹಾಕಿದರೆ ಸ್ಲೀವ್‌ಗೆ ಯಾವ ಲೋಹ ಹೊಂದುತ್ತದೆ ಎಂದು ತಿಳಿಸುತ್ತೇನೆ.