ಟೈಲ್ಸ್ ಹಾಕೋ ಮುಂಚೆ ನೀರಲ್ಲಿ ನೆನೆಸ್ಲೇಬೇಕಾ?

ಎಲ್ಲಾದಕ್ಕೂ ಬೇಡ, ಯಾವ ಟೈಲ್ಸು, ಯಾವುದ್ರಲ್ಲಿ ಅಂಟಿಸ್ತೀರಾ ಅನ್ನೋದು ನೋಡ್ಬೇಕು. ಗೋಡೆಗೆ ಹಾಕೋ ಸೆರಾಮಿಕ್ ಟೈಲ್ಸ್ ಸಾಮಾನ್ಯವಾಗಿ ತನ್ನ ತೂಕದ 10%ಗಿಂತ ಜಾಸ್ತಿ ನೀರು ಕುಡಿಯುತ್ತೆ, ಒಣಗಿದ್ದನ್ನ ಹಾಗೇ ಸಿಮೆಂಟ್ ಮೇಲೆ ಕೂರಿಸಿದ್ರೆ ಸಿಮೆಂಟಲ್ಲಿರೋ ನೀರನ್ನ ಎಳ್ಕೊಂಡ್ಬಿಡುತ್ತೆ, ಸಿಮೆಂಟ್ ಗಟ್ಟಿಯಾಗೋಕೆ ನೀರು ಸಾಲಲ್ಲ, ಆಮೇಲೆ ಬೆರಳಲ್ಲಿ ತಟ್ಟಿದ್ರೆ ಟೊಳ್ಳು ಸದ್ದು ಬರುತ್ತೆ. ಅದಕ್ಕೇ ಬಕೆಟಲ್ಲಿ ಮುಳುಗಿಸಿ ಗುಳ್ಳೆ ಬರೋದು ನಿಲ್ಲೋ ತನಕ ಬಿಡಿ, ಆಮೇಲೆ ತೆಗೆದು ಗೋಡೆಗೆ ಒರಗಿಸಿ ನೀರು ಇಳಿದ ಮೇಲೆ ಹಾಕಿ, ತೊಟ್ಟಿಕ್ತಾ ಇರೋದನ್ನ ಹಾಕಿದ್ರೆ ಜಾರುತ್ತೆ.

ವಿಟ್ರಿಫೈಡ್ ಟೈಲ್ಸ್, ಅಂದ್ರೆ ಜಾಸ್ತಿ ಶಾಖದಲ್ಲಿ ಸುಟ್ಟು ಗಾಜಿನ ಹಾಗೆ ಗಟ್ಟಿ ಮಾಡಿರೋದು, 0.5%ಗಿಂತ ಹೆಚ್ಚು ನೀರು ಕುಡಿಯಲ್ಲ, ನೆನೆಸಿ ಪ್ರಯೋಜನ ಇಲ್ಲ. ಬರೀ ಸಿಮೆಂಟ್ ಅದಕ್ಕೆ ಸರಿಯಾಗಿ ಹಿಡಿಯಲ್ಲ, ದಯವಿಟ್ಟು ಟೈಲ್ ಅಡ್ಹೆಸಿವ್ (ಟೈಲ್ಸ್ ಅಂಟಿಸೋಕೆ ಅಂತಾನೇ ಚೀಲದಲ್ಲಿ ಬರೋ ಅಂಟು) ತಗೊಳ್ಳಿ. ಅಡ್ಹೆಸಿವ್ ಅಂದ್ಮೇಲೆ ಸೆರಾಮಿಕ್ ಆದ್ರೂ ನೆನೆಸ್ಬೇಡಿ, ಚೀಲದ ಮೇಲೆ ಬರೆದಿರೋ ಹಾಗೆ ಮಾಡಿ.

ಯಾವ ಟೈಲ್ಸ್ ಅಂತ ಗೊತ್ತಾಗ್ತಿಲ್ವಾ, ಹಿಂಭಾಗಕ್ಕೆ ಎರಡು ಹನಿ ನೀರು ಬಿಟ್ಟು ನೋಡಿ, ತಕ್ಷಣ ಹೀರ್ಕೊಂಡ್ರೆ ಸೆರಾಮಿಕ್, ಹನಿ ಹಾಗೇ ನಿಂತ್ರೆ ವಿಟ್ರಿಫೈಡ್.

ಜನ ಮರೆಯೋದು ಇನ್ನೊಂದಿದೆ, ಟೈಲ್ಸ್ ಹಿಂದೆ ಬೆರಳು ಉಜ್ಜಿದ್ರೆ ಬಿಳಿ ಪುಡಿ ಹತ್ತುತ್ತಲ್ಲ, ಅದನ್ನ ಒದ್ದೆ ಬಟ್ಟೇಲಿ ಒರೆಸ್ಲೇಬೇಕು, ಇಲ್ದಿದ್ರೆ ಅಡ್ಹೆಸಿವ್ ಆ ಪುಡಿಗೆ ಅಂಟ್ಕೊಳ್ಳುತ್ತೇ ಹೊರತು ಟೈಲ್ಸಿಗಲ್ಲ. ಬಾಕ್ಸ್ ಮೇಲಿನ ಬ್ಯಾಚ್ ನಂಬರು, ಶೇಡ್ ನಂಬರು ಎಲ್ಲಾ ಒಂದೇನಾ ಅಂತ ಹಾಕೋಕೆ ಮುಂಚೇನೇ ನೋಡ್ಕೊಳ್ಳಿ, ಮೂರ್ನಾಲ್ಕು ಬಾಕ್ಸಿಂದ ಕಲಸಿ ತೆಗೀರಿ, ಆಗ ಬಣ್ಣದ ಸಣ್ಣ ವ್ಯತ್ಯಾಸ ಒಂದೇ ಕಡೆ ಎದ್ದು ಕಾಣಲ್ಲ.