ಆ ಪುಟ ಯಾರ ಮೈಗೆ ಬರೆದದ್ದು?

ಕಳೆದ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು. ಹೆಂಗಸರ ಆರೋಗ್ಯ, ಫಿಟ್‌ನೆಸ್ ಅಂತ ಬರುತ್ತವಲ್ಲ, ಆ ಬಣ್ಣದ ಮ್ಯಾಗಝಿನ್‌ಗಳ ಬಗ್ಗೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆ ತೆಗೆದುಕೊಂಡಿಲ್ಲ. ಶಿವಮೊಗ್ಗದಲ್ಲಿ ಆಹಾರ ತಜ್ಞೆಯಾಗಿ ಕೆಲಸ ಮಾಡುವ ನನ್ನ ಹತ್ತಿರ ಈ ಪುಟಗಳನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡು ಬರುವವರು ತುಂಬಾ ಜನ.

ಪ್ರಶ್ನೆ: ಮೇಡಂ, ನನಗೆ 36 ವರ್ಷ. ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಡಿಕೆ ತೋಟ, ಎರಡು ಹಸು ಇವೆ. ಬೆಂಗಳೂರಿನಲ್ಲಿರುವ ತಂಗಿ ಓದಿ ಮುಗಿಸಿದ ಇಂಗ್ಲಿಷ್ ಫಿಟ್‌ನೆಸ್ ಮ್ಯಾಗಝಿನ್‌ಗಳನ್ನು ಊರಿಗೆ ಬಂದಾಗ ಕೊಟ್ಟು ಹೋಗುತ್ತಾಳೆ. ಅದರಲ್ಲಿದ್ದ '28 ದಿನದಲ್ಲಿ ಚಪ್ಪಟೆ ಹೊಟ್ಟೆ' ಮಾಡಿದೆ. ದಿನಕ್ಕೆ 1200 ಕ್ಯಾಲೊರಿ ಊಟ, 100 ಕ್ರಂಚಸ್ (ಅಂಗಾತ ಮಲಗಿ ತಲೆ, ಭುಜ ಮುಂದಕ್ಕೆ ಎತ್ತುವ ಹೊಟ್ಟೆಯ ವ್ಯಾಯಾಮ). ಮೂರು ಕೆಜಿ ಇಳಿದೆ. ಆಮೇಲೆ ಒಂದು ದಿನ ಕೊಟ್ಟಿಗೆಯಲ್ಲಿ ತಲೆ ಸುತ್ತಿ ಕುಳಿತುಬಿಟ್ಟೆ. ಕೂದಲು ಉದುರುತ್ತಿದೆ, ಸೊಂಟ ಹಿಡಿದುಕೊಂಡಿದೆ. ಆಸ್ಪತ್ರೆಯಲ್ಲಿ ನೋಡಿದರೆ ಹಿಮೋಗ್ಲೋಬಿನ್ 9.2. ಅತ್ತೆ ಆ ಪುಸ್ತಕಗಳನ್ನು ಬಚ್ಚಲೊಲೆಗೆ ಹಾಕು ಅನ್ನುತ್ತಾರೆ. ನನಗೆ ಓದುವುದು ಇಷ್ಟ. ಬಿಡಬೇಕಾ?

ಉತ್ತರ: ಓದುವುದನ್ನು ಬಿಡಬೇಡಿ. ಆ 28 ದಿನದ ಪಟ್ಟಿಯನ್ನು ಮಾತ್ರ ಇವತ್ತೇ ಬಿಡಿ.

ನಿಮಗೆ ಅದು ಯಾಕೆ ಇಷ್ಟ ಅಂತ ನನಗೆ ಗೊತ್ತಿದೆ, ಯಾಕೆಂದರೆ ಕಾಲೇಜಿನಲ್ಲಿದ್ದಾಗ ನಾನೂ ಹಳೇ ಸಂಚಿಕೆಗಳನ್ನು ಹುಡುಕಿಕೊಂಡು ಹೋಗಿ ಓದುತ್ತಿದ್ದವಳು. ಮನೆಯಲ್ಲಿ ಎಲ್ಲರ ಊಟ, ಔಷಧ, ಬಟ್ಟೆ ನೋಡಿಕೊಳ್ಳುವ ಹೆಂಗಸಿಗೆ ಅರ್ಧ ಗಂಟೆ ಕೂತು 'ನಿನ್ನ ಮೈ ಹೇಗಿದೆ, ನಿನಗೆ ನಿದ್ದೆ ಬರುತ್ತಾ, ಮುಟ್ಟಿನ ನೋವು ಎಷ್ಟಿದೆ' ಅಂತ ಕೇಳುವ ಮಾತು ಬೇರೆಲ್ಲಿ ಸಿಗುತ್ತದೆ ಹೇಳಿ. ತನ್ನ ಮೈಗೋಸ್ಕರ ಸಮಯ ತೆಗೆದುಕೊಳ್ಳುವುದು ತಪ್ಪಲ್ಲ ಅಂತ ಆ ಪುಟಗಳು ಹೇಳುತ್ತವೆ. ಇದು ಸಣ್ಣ ಮಾತಲ್ಲ. ನನ್ನ ಹತ್ತಿರ ಮೊದಲ ಸಲ ಬರುವ ಎಷ್ಟೋ ಹೆಂಗಸರನ್ನು ಮನೆಯಿಂದ ಹೊರಡಿಸಿದ್ದೇ ಇಂಥ ಯಾವುದೋ ಲೇಖನ.

ಈಗ ಲೆಕ್ಕ ನೋಡೋಣ. 1200 ಕ್ಯಾಲೊರಿಯ ಆ ಊಟವನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಕಾರಿನಲ್ಲಿ ಆಫೀಸಿಗೆ ಹೋಗಿ, ಎಂಟು ಗಂಟೆ ಕುರ್ಚಿಯಲ್ಲಿ ಕೂತು, ಸಂಜೆ ಜಿಮ್‌ಗೆ ಹೋಗುವ ಹೆಂಗಸು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಕೊಟ್ಟ ಲೆಕ್ಕದಲ್ಲಿ, 55 ಕೆಜಿ ತೂಕದ ಹೆಂಗಸು ಕೂತೇ ಕೆಲಸ ಮಾಡುವವಳಾದರೂ ದಿನಕ್ಕೆ 1660 ಕ್ಯಾಲೊರಿ ಬೇಕು. ಮಧ್ಯಮ ದುಡಿಮೆಗೆ 2130. ಹುಲ್ಲು ಹೊತ್ತು, ಸಗಣಿ ಬಾಚಿ, ದರೆ ಹತ್ತಿ ಇಳಿಯುವ ನೀವು ಈ ಎರಡನೆಯ ಸಾಲಿನವರು. ಅಂದರೆ ದಿನಕ್ಕೆ ಬೇಕಾದ್ದಕ್ಕಿಂತ 900ಕ್ಕೂ ಹೆಚ್ಚು ಕ್ಯಾಲೊರಿ ಕಡಿಮೆ ತಿಂದು, ಅದರ ಮೇಲೆ ನೂರು ಕ್ರಂಚಸ್ ಹೊಡೆದಿದ್ದೀರಿ. ತಲೆ ಸುತ್ತದೆ ಇನ್ನೇನಾಗುತ್ತದೆ?

ಕಬ್ಬಿಣದ ಅಂಶದ ವಿಷಯ ಇನ್ನೂ ಮುಖ್ಯ. ಅಮೆರಿಕದಲ್ಲಿ ಮುಟ್ಟಾಗುವ ವಯಸ್ಸಿನ ಹೆಂಗಸಿಗೆ ದಿನಕ್ಕೆ 18 ಮಿಲಿಗ್ರಾಂ ಸಾಕು ಅಂತ ಲೆಕ್ಕ. ನಮ್ಮಲ್ಲಿ 29. ಅನ್ನ, ಬೇಳೆ, ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಸ್ವಲ್ಪವೇ, ಅದಕ್ಕೇ ಈ ವ್ಯತ್ಯಾಸ. ಅಲ್ಲಿಯ ಹೆಂಗಸಿಗೆ ಹಾಕಿದ ಪಟ್ಟಿಯನ್ನು ಹಾಗೇ ತಂದು ಇಲ್ಲಿ ಉಂಡರೆ ರಕ್ತ ಎಲ್ಲಿಂದ ಬರಬೇಕು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಜನರಿಗೆ ರಕ್ತಹೀನತೆ ಕಂಡುಬಂತು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು! ಇಂಥ ಕಡೆ 'ಮೊದಲು ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಈ ವ್ಯಾಯಾಮ' ಅಂತ ಒಂದು ಸಾಲು ಹಾಕದೆ ತೂಕ ಇಳಿಸುವ ಪಟ್ಟಿ ಅಚ್ಚು ಮಾಡುವುದು ನನ್ನ ಪ್ರಕಾರ ದೊಡ್ಡ ತಪ್ಪು.

ನಿಮ್ಮ 9.2 ಒಂದು ತಿಂಗಳಿನಲ್ಲಿ ಆದದ್ದಲ್ಲ. ಹಳೆಯ ಕೊರತೆ, ಈ ಡಯಟ್ ಅದನ್ನು ಎತ್ತಿ ತೋರಿಸಿತು ಅಷ್ಟೇ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಾ? ಬರಿಗಾಲಲ್ಲಿ ತೋಟಕ್ಕೆ ಹೋಗುತ್ತೀರಾ? ಕೊಕ್ಕೆಹುಳು ಒದ್ದೆ ಮಣ್ಣಿನಿಂದ ಪಾದದ ಚರ್ಮದ ಮೂಲಕವೇ ಒಳಗೆ ಸೇರಿ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಈ ಎರಡನ್ನೂ ಡಾಕ್ಟರ ಹತ್ತಿರ ಬಿಚ್ಚಿ ಹೇಳಿ. ಕಬ್ಬಿಣದ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. ಎಷ್ಟು, ಎಷ್ಟು ದಿನ ಅಂತ ಅವರೇ ಹೇಳಲಿ.

ಊಟಕ್ಕೆ ಆ ಪಟ್ಟಿಯ ಕೇಲ್, ಕಿನೋವಾ ಹುಡುಕಬೇಡಿ. ಹಿತ್ತಿಲಲ್ಲಿ ಹರಿವೆ ಇದೆ, ನುಗ್ಗೆ ಇದೆ. ಹುರುಳಿ ಸಾರು ಮಾಡಿ, ಹೆಸರುಕಾಳು ಮೊಳಕೆ ಬರಿಸಿ, ಮೇಲೆ ನಿಂಬೆ ಹಿಂಡಿ; ಹುಳಿ ಸೇರಿದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಮೊಟ್ಟೆ, ಮೀನು, ಮಾಂಸ ತಿನ್ನುವ ಮನೆಯಾದರೆ ಇನ್ನೂ ಸುಲಭ. ತಿಂಡಿ ಜೊತೆಗೇ ಕಾಫಿ ಕುಡಿಯುವುದು ನಮ್ಮ ಕಡೆಯ ರೂಢಿ. ಅದನ್ನು ಒಂದು ಗಂಟೆ ಆಚೆ ಈಚೆ ಮಾಡಿ, ಕಾಫಿ ಟೀಯಲ್ಲಿರುವ ಒಗರು ಕಬ್ಬಿಣವನ್ನು ತಡೆಯುತ್ತದೆ. ಎರಡು ರೊಟ್ಟಿ ತಿನ್ನುವ ಹಸಿವಿದ್ದರೆ ಎರಡು ತಿನ್ನಿ. ತೂಕದ ಮಾತು ಹಿಮೋಗ್ಲೋಬಿನ್ 12 ದಾಟಿದ ಮೇಲೆ.

ಇನ್ನು ಕ್ರಂಚಸ್. ಹೊಟ್ಟೆಗೆ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗುತ್ತದೆ ಅನ್ನುವುದು ಸುಳ್ಳು. ಕೊಬ್ಬು ಎಲ್ಲಿಂದ ಕರಗಬೇಕು ಅಂತ ನಾವು ಮೈಗೆ ಹೇಳಲು ಆಗುವುದಿಲ್ಲ. ನಿಮ್ಮ ಪತ್ರದಲ್ಲಿ ಬರೆದಿಲ್ಲ, ಆದರೆ ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿ ಹತ್ತರವರೆಗೂ ಕೂತು ಅಡಿಕೆ ಸುಲಿದಿರುತ್ತೀರಿ, ಅಲ್ವಾ? ಮುಂದಕ್ಕೆ ಬಾಗಿ ಬಾಗಿ ಸೋತ ಬೆನ್ನನ್ನು ಮತ್ತೆ ನೂರು ಸಲ ಮುಂದಕ್ಕೇ ಬಗ್ಗಿಸಿದಿರಿ. ಹೆರಿಗೆಯಲ್ಲಿ ಹೊಟ್ಟೆಯ ಸ್ನಾಯು ನಡುವೆ ಬಿಟ್ಟುಕೊಂಡು ಹಾಗೇ ಉಳಿದಿದ್ದರೆ ಕ್ರಂಚಸ್‌ನಿಂದ ಇನ್ನಷ್ಟು ತೊಂದರೆ. ಸೊಂಟ ನೋವು ಇಳಿದ ಮೇಲೆ ಹೀಗೆ ಶುರು ಮಾಡಿ: ಅಂಗಾತ ಮಲಗಿ, ಮೊಣಕಾಲು ಮಡಚಿ, ಸೊಂಟ ಎತ್ತಿ ಇಳಿಸುವುದು. ಗೋಡೆಗೆ ಎರಡೂ ಕೈ ಒತ್ತಿ ದಂಡ ಹೊಡೆಯುವುದು. ಮಣೆಯ ಬದಲು ಕುರ್ಚಿಯಿಂದ, ಕೈ ಊರದೆ ಎದ್ದು ಕೂರುವುದು. ಒಂದೊಂದೂ ಹತ್ತು ಸಲ, ವಾರಕ್ಕೆ ಎರಡು ದಿನ ಸಾಕು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷದ ಓಡಾಟ ಅನ್ನುತ್ತದೆ, ಮತ್ತು ಮನೆ ತೋಟದ ಕೆಲಸವನ್ನೂ ಅದರಲ್ಲಿ ಸೇರಿಸುತ್ತದೆ. ಅದು ನಿಮಗೆ ಆಗಲೇ ದಾಟಿದೆ.

ಮ್ಯಾಗಝಿನ್‌ನವರು ಯಾಕೆ ಹೀಗೆ ಬರೆಯುತ್ತಾರೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೈಯ ಬಗ್ಗೆ ಹೇಳಬೇಕಾದ ನಿಜವಾದ ಮಾತುಗಳು ಕಡಿಮೆ, ಅವು ತಿಂಗಳು ತಿಂಗಳೂ ಬದಲಾಗುವುದಿಲ್ಲ. ಪತ್ರಿಕೆ ಮಾತ್ರ ತಿಂಗಳು ತಿಂಗಳೂ ಬರಬೇಕು, ಅಂಗಡಿಯ ದಾರದ ಮೇಲೆ ನೇತು ಹಾಕಿದಾಗ ಕಣ್ಣಿಗೆ ಬೀಳಬೇಕು. ವರ್ಷಗಳ ಹಿಂದೆ ನಾನೊಂದು ಪತ್ರಿಕೆಗೆ ಲೇಖನ ಕೊಟ್ಟಿದ್ದೆ. ತೂಕ ನಿಧಾನ ಇಳಿಯಬೇಕು, ಆರು ತಿಂಗಳಾದರೂ ಹಿಡಿಯುತ್ತದೆ ಅಂತ ಬರೆದಿದ್ದೆ. ಅಚ್ಚಾಗಿ ಬಂದಾಗ ತಲೆಬರಹ 'ಆರು ವಾರದಲ್ಲಿ ಹೊಸ ನೀವು' ಅಂತ ಇತ್ತು. ಎದುರು ಪುಟದಲ್ಲಿ ಪ್ರೋಟೀನ್ ಪುಡಿಯ ಜಾಹೀರಾತು. ಆ ಲೇಖನ ಹಿಡಿದುಕೊಂಡು ಒಬ್ಬ ಬಾಣಂತಿ ನನ್ನ ಹತ್ತಿರವೇ ಬಂದಿದ್ದರು. ಅವತ್ತಿನ ಸಂಕಟ ಇನ್ನೂ ಹೋಗಿಲ್ಲ.

ಹಾಗಾಗಿ ಮುಂದಿನ ಸಲ ಯಾವ ಪುಟ ತೆರೆದರೂ ಮೊದಲು ಇದನ್ನು ನೋಡಿ: ಇದು ಯಾವ ಹೆಂಗಸಿಗೆ ಬರೆದದ್ದು? ಅವಳ ವಯಸ್ಸು, ಕೆಲಸ, ಊಟ, ಹೆರಿಗೆ, ರಕ್ತ ನಿಮ್ಮ ಹಾಗೆ ಇದೆಯಾ? ಅತ್ತೆಗೂ ಒಂದು ಪುಟ ಓದಿ ಹೇಳಿ ನೋಡಿ. ಮಂಡಿ ನೋವಿನ ಬಗ್ಗೆ ಇದ್ದರೆ ಅವರೇ ಇನ್ನೊಂದು ಸಲ ಓದು ಅನ್ನಬಹುದು.

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕು. ಮಳೆಗಾಲದಲ್ಲಿ ಕಾಡಿನಿಂದ ಉಪ್ಪಾಗೆ ಅನ್ನುವ ಹುಳಿ ಹಣ್ಣು ತಂದು ಸಿಪ್ಪೆ ಒಣಗಿಸಿ ಮಾರುತ್ತೇವೆ. ಮೊನ್ನೆ ಒಂದು ಹೆಲ್ತ್ ಮ್ಯಾಗಝಿನ್‌ನಲ್ಲಿ ಇದರದ್ದೇ ಕ್ಯಾಪ್ಸೂಲ್ ಕೊಬ್ಬು ಕರಗಿಸುತ್ತದೆ ಅಂತ ಜಾಹೀರಾತು ನೋಡಿದೆ. ಹೌದಾ? ಹಾಗಾದರೆ ಮನೆಯಲ್ಲೇ ಕಷಾಯ ಮಾಡಿ ಕುಡಿಯಬಹುದಲ್ಲ?

ಉತ್ತರ: ಹೌದು, ಅದು ನಮ್ಮ ಉಪ್ಪಾಗೆಯೇ. ಡಬ್ಬಿಯ ಮೇಲೆ ಗಾರ್ಸಿನಿಯಾ ಕಾಂಬೋಜಿಯಾ ಅಂತ ಇರುತ್ತದೆ. ಕೇರಳದವರು ಮೀನು ಸಾರಿಗೆ ಕುಡಂಪುಳಿ ಅಂತ ಹಾಕುವುದೂ ಇದನ್ನೇ. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ ಮೇಲೆ ಈ ಇಡೀ ವ್ಯಾಪಾರ ನಿಂತಿದೆ.

ಅದನ್ನು ಸರಿಯಾಗಿ ಪರೀಕ್ಷೆ ಮಾಡಿದವರಿದ್ದಾರೆ. 1998ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಬಂದ ಪರೀಕ್ಷೆ ಅದು. ತೂಕ ಹೆಚ್ಚಿದ್ದ 135 ಜನರಲ್ಲಿ ಕೆಲವರಿಗೆ ಈ ಆಮ್ಲ ದಿನಕ್ಕೆ 1500 ಮಿಲಿಗ್ರಾಂ, ಉಳಿದವರಿಗೆ ಏನೂ ಇಲ್ಲದ ಸುಮ್ನೆ ಮಾತ್ರೆ, 12 ವಾರ ಕೊಟ್ಟರು. ಎರಡೂ ಗುಂಪಿಗೆ ಊಟದ ಪಥ್ಯ ಒಂದೇ. ಕೊನೆಗೆ ತೂಕ ಇಳಿದದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಂದರೆ ಇಳಿಸಿದ್ದು ಪಥ್ಯ. ಇನ್ನೊಂದು ಕಡೆ, ಇಂಥ ಕ್ಯಾಪ್ಸೂಲ್ ತಿಂದು ಲಿವರ್ ಕೆಟ್ಟ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ.

ಸಾರಿಗೆ ಒಂದು ಚೂರು ಹುಳಿ ಹಾಕುವುದಕ್ಕೂ, ಅದರ ಸಾರವನ್ನು ಭಟ್ಟಿ ಇಳಿಸಿದ ಹಾಗೆ ಗಟ್ಟಿ ಮಾಡಿ ದಿನಾ ನುಂಗುವುದಕ್ಕೂ ಹೋಲಿಕೆಯೇ ಇಲ್ಲ. ಅಡುಗೆಗೆ ಬಳಸಿ, ಬೀಜದಿಂದ ಉಪ್ಪಾಗೆ ತುಪ್ಪ ಮಾಡಿ, ಸಿಪ್ಪೆ ಮಾರಿ ನಾಲ್ಕು ಕಾಸು ನೋಡಿ. ತೂಕಕ್ಕೆ ಅಂತ ಕಷಾಯ ಬೇಡ.

ಬೊಜ್ಜು ಕರಗಿಸುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದನ್ನು ನಮ್ಮ ದೇಶದಲ್ಲಿ 1954ರ ಕಾಯ್ದೆಯೇ ತಡೆಯುತ್ತದೆ. ಔಷಧ, ಮಾಂತ್ರಿಕ ಪರಿಹಾರಗಳ ಸುಳ್ಳು ಜಾಹೀರಾತಿನ ಮೇಲೆ ಬಂದ ಕಾಯ್ದೆ ಅದು, ಅದರ ಪಟ್ಟಿಯಲ್ಲಿ ಬೊಜ್ಜಿನ ಹೆಸರು ಇದೆ. ಅದಕ್ಕೇ ಇವರು ಡಬ್ಬಿಯ ಮೇಲೆ ಔಷಧ ಅನ್ನದೆ 'ಆಹಾರ ಪೂರಕ' ಅಂತ ಸಣ್ಣ ಅಕ್ಷರದಲ್ಲಿ ಹಾಕಿಕೊಳ್ಳುವುದು.

ಪ್ರಶ್ನೆ: ಶಿವಮೊಗ್ಗದ ವಿನೋಬನಗರದಿಂದ ಬರೆಯುತ್ತಿದ್ದೇನೆ. ಮಗಳು ಮೊದಲ ಪಿಯುಸಿ. ಮ್ಯಾಗಝಿನ್ ಚಿತ್ರಗಳನ್ನು ಕತ್ತರಿಸಿ ಬೀರುವಿನ ಒಳಗೆ ಅಂಟಿಸಿದ್ದಾಳೆ. ಅನ್ನ ಮುಟ್ಟುವುದಿಲ್ಲ, ನಮ್ಮ ಜೊತೆ ಊಟಕ್ಕೆ ಕೂರುವುದಿಲ್ಲ. ಎರಡು ತಿಂಗಳಿಂದ ಮುಟ್ಟಾಗಿಲ್ಲ. ಚಿತ್ರ ಕಿತ್ತು ಹಾಕಲಾ?

ಉತ್ತರ: ಚಿತ್ರ ಹಾಗೇ ಇರಲಿ. ಈ ವಾರವೇ ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಊಟ ಬಿಟ್ಟ ಹುಡುಗಿಗೆ ಮುಟ್ಟು ನಿಂತಿದೆ ಅಂದರೆ ಮೈಗೆ ಬೇಕಾದ್ದು ಸಿಗುತ್ತಿಲ್ಲ ಅಂತ. ಮೂಳೆ ಗಟ್ಟಿಯಾಗುವ ಕೆಲಸದ ಬಹುಪಾಲು ಈ ವಯಸ್ಸಿನಲ್ಲೇ ಮುಗಿಯುತ್ತದೆ, ಆಮೇಲೆ ಹಾಲು ಕುಡಿದು ತುಂಬಿಕೊಳ್ಳಲು ಆಗುವುದಿಲ್ಲ. ಊಟ ಆದ ತಕ್ಷಣ ವಾಂತಿ ಮಾಡಲು ಬಚ್ಚಲಿಗೆ ಹೋಗುತ್ತಾಳಾ, ಕೈಕಾಲು ತಣ್ಣಗಿರುತ್ತಾ ಅಂತಲೂ ಗಮನಿಸಿ, ಡಾಕ್ಟರಿಗೆ ಹೇಳಿ. ಮನಸ್ಸಿನ ಡಾಕ್ಟರನ್ನು ನೋಡಿ ಅಂದರೆ ಹಿಂಜರಿಯಬೇಡಿ. ಅಲ್ಲಿಯವರೆಗೆ ಮಾತಾಡಲು ಯಾರಾದರೂ ಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಆ ಚಿತ್ರಗಳ ಬಗ್ಗೆ ಅವಳ ಹತ್ತಿರ ಜಗಳವಿಲ್ಲದೆ ಮಾತಾಡಿ. ಬೆಳಕು, ಮೇಕಪ್, ಫೋಟೊಗೆ ಮುಂಚಿನ ಅರೆಹೊಟ್ಟೆ, ಆಮೇಲೆ ಕಂಪ್ಯೂಟರ್‌ನಲ್ಲಿ ತಿದ್ದುವುದು, ಇಷ್ಟೆಲ್ಲ ಆಗಿ ಬಂದ ಸೊಂಟ ಅದು. ಫ್ರಾನ್ಸ್‌ನಲ್ಲಿ 2017ರಿಂದ ಜಾಹೀರಾತಿನ ಮಾಡೆಲ್‌ಗಳ ಮೈಯನ್ನು ದಪ್ಪ ಸಣ್ಣ ಮಾಡಿ ತಿದ್ದಿದ್ದರೆ 'ತಿದ್ದಿದ ಫೋಟೊ' ಅಂತ ಬರೆಯಲೇಬೇಕು. ಅಮೆರಿಕದ 'ವುಮೆನ್ಸ್ ಹೆಲ್ತ್' ಮ್ಯಾಗಝಿನ್ ಕೂಡ ತನ್ನ ಓದುಗರನ್ನೇ ಕೇಳಿ, 2016ರ ಮೊದಲ ಸಂಚಿಕೆಯಿಂದ 'ಬಿಕಿನಿ ಬಾಡಿ', 'ಎರಡು ಸೈಜ್ ಇಳಿಸಿ' ಅನ್ನುವ ಮಾತುಗಳನ್ನು ಮುಖಪುಟದಿಂದ ತೆಗೆಯಿತು. ಓದುವವರಿಗೇ ಅದು ಬೇಸರ ಬಂದಿತ್ತು. ಇದನ್ನು ಮಗಳಿಗೆ ಹೇಳಿ. ಮತ್ತೆ, ಮದುವೆ ಮನೆಯಲ್ಲಿ ಯಾರಾದರೂ 'ಏನೇ, ದಪ್ಪ ಆಗಿದೀಯ' ಅಂದರೆ ಅವಳ ಪರವಾಗಿ ನೀವು ಅಲ್ಲೇ ಮಾತಾಡಿ. ಪುಟಗಳಿಗಿಂತ ಮುಂಚೆ ಆ ಮಾತು ಅವಳ ಕಿವಿಗೆ ಬಿದ್ದಿರುತ್ತದೆ.

ಪ್ರಶ್ನೆ: ನನಗೆ 58, ಹೊಸನಗರ. ಸೀನಿದರೆ, ಕೊಡ ಎತ್ತಿದರೆ ಮೂತ್ರ ಜಿನುಗುತ್ತದೆ. ನನ್ನ ಓರಗಿತ್ತಿಗೂ ಹೀಗೇ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಅಂದುಕೊಂಡಿದ್ದೆವು. ಸೊಸೆಯ ಮ್ಯಾಗಝಿನ್‌ನಲ್ಲಿ ಇದಕ್ಕೆ ವ್ಯಾಯಾಮ ಇದೆ ಅಂತ ಓದಿದೆ. ನಿಜವಾ?

ಉತ್ತರ: ನಿಜ ಅಮ್ಮ, ನೂರಕ್ಕೆ ನೂರು ನಿಜ. ಇಂಥ ವಿಷಯವನ್ನು ನಾಚಿಕೆಯಿಲ್ಲದೆ ಅಚ್ಚು ಮಾಡುತ್ತಾರಲ್ಲ, ಅದಕ್ಕೇ ನಾನು ಈ ಮ್ಯಾಗಝಿನ್‌ಗಳನ್ನು ಒಲೆಗೆ ಹಾಕಿ ಅನ್ನುವುದಿಲ್ಲ. ಅಮೆರಿಕದ ಸ್ತ್ರೀರೋಗ ವೈದ್ಯ ಆರ್ನಾಲ್ಡ್ ಕೀಗಲ್ 1948ರಲ್ಲಿ ಇದರ ಬಗ್ಗೆ ಬರೆದರು, ಅವರ ಹೆಸರಿನಿಂದಲೇ ಕೀಗಲ್ ವ್ಯಾಯಾಮ ಅನ್ನುತ್ತಾರೆ. ಗರ್ಭಕೋಶ, ಮೂತ್ರಚೀಲವನ್ನು ಕೆಳಗಿನಿಂದ ತೊಟ್ಟಿಲಿನ ಹಾಗೆ ಎತ್ತಿ ಹಿಡಿದ ಸ್ನಾಯುಗಳಿವೆ. ಹೆರಿಗೆ, ವಯಸ್ಸು, ಭಾರ ಎತ್ತುವುದು, ಹಳೇ ಕೆಮ್ಮು, ಎಲ್ಲ ಸೇರಿ ಅವು ಸಡಿಲವಾಗುತ್ತವೆ.

ಮೂತ್ರ ತಡೆಯುವಾಗ ಹೇಗೆ ಒಳಗೆ ಎಳೆದುಕೊಳ್ಳುತ್ತೀರೋ ಹಾಗೆ ಎಳೆದು, ಐದು ಎಣಿಸುವವರೆಗೆ ಹಿಡಿಯಿರಿ. ಅಷ್ಟೇ ಹೊತ್ತು ಬಿಡಿ. ಉಸಿರು ಕಟ್ಟಬೇಡಿ, ಹೊಟ್ಟೆ ಬಿಗಿಯಬೇಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೂತ್ರ ಮಾಡುತ್ತಿರುವಾಗ ಇದನ್ನು ಅಭ್ಯಾಸ ಮಾಡಬೇಡಿ. ಮೂರು ತಿಂಗಳು ಬಿಡದೆ ಮಾಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಲೇಖನದಲ್ಲಿ ಎರಡು ವಾರ ಅಂತ ಇದ್ದರೆ ನಂಬಬೇಡಿ. ಉರಿ ಇದ್ದರೆ, ರಕ್ತ ಕಂಡರೆ, ಕೆಳಗೆ ಏನೋ ಜಾರಿ ಬಂದ ಹಾಗೆ ಅನ್ನಿಸಿದರೆ ವ್ಯಾಯಾಮಕ್ಕೆ ಮುಂಚೆ ಲೇಡಿ ಡಾಕ್ಟರಿಗೆ ತೋರಿಸಿ.

ಆ ಪುಟ ಸೊಸೆಯ ಹತ್ತಿರ ಇನ್ನೂ ಇದ್ದರೆ ಓರಗಿತ್ತಿಗೂ ಓದಿ ಹೇಳಿ. ಇಬ್ಬರೂ ಸೇರಿಯೇ ಶುರು ಮಾಡಿ.